ಅರ್ಧ ಉಳಿದ ಏಣಿ

ಬಫಿಂಗ್ ಚಕ್ರ ಕೇಳಿ ತಿನ್ನುವುದಿಲ್ಲ, ಕೊಟ್ಟದ್ದನ್ನು ತಿನ್ನುತ್ತದೆ. ದಿನಕ್ಕೆ ಎಂಟು ತಾಸು ನಾನು ಅದಕ್ಕೆ ಹಿತ್ತಾಳೆಯ ನಲ್ಲಿಗಳನ್ನು ತಿನ್ನಿಸುತ್ತೇನೆ. ಅಚ್ಚಿನಿಂದ ಒರಟಾಗಿ ಬಂದ ನಲ್ಲಿಯನ್ನು, ಮೇಣ ಹಚ್ಚಿದ ಬಟ್ಟೆಯ ಚಕ್ರಕ್ಕೆ ಒತ್ತಿ ಹಿಡಿದರೆ ಅದರಲ್ಲಿ ಮುಖ ಕಾಣುತ್ತದೆ. ಕಾಣುವ ಮುಖ ಮಾತ್ರ ಕೆಂಡದ ಗೂಡಿನಿಂದ ಎದ್ದು ಬಂದವನ ಹಾಗೆ ಕಪ್ಪಗಿರುತ್ತದೆ. ಕಾರ್ಖಾನೆಯಲ್ಲಿ ನನ್ನನ್ನು ಮಸಿ ಎಂದು ಕರೆಯುತ್ತಾರೆ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ಅದನ್ನು ಕೂಗಿದರೆ ನಾನೇ ತಿರುಗಿ ನೋಡುವುದಿಲ್ಲ.

ಊಟದ ಬಿಡುವಿನಲ್ಲಿ ನನ್ನದೊಂದು ಮೇಲುಕೆಲಸ. ಎರಡು ಬೀದಿ ಆಚೆ ಹಳೇ ಕೈಗಡಿಯಾರ ಮಾರುವವನೊಬ್ಬನಿದ್ದಾನೆ. ಅವನು ವಾಚಿನ ಯಂತ್ರ ತೆಗೆದಿಟ್ಟುಕೊಂಡು ಬರೀ ಕವಚ, ಹಿಂದಿನ ಮುಚ್ಚಳ ಎರಡನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಳಿಸುತ್ತಾನೆ. ನಾನು ಉಜ್ಜಿ ಹೊಳಪು ಕೊಟ್ಟು ವಾಪಸ್ ಮಾಡುತ್ತೇನೆ.

ಹೊರಗೆ ಹೊಳೆದರೆ ಸಾಲದು ಅವನಿಗೆ.

"ಒಳಗೂ ಮಿಂಚಬೇಕು ಮಸಿ. ಗಿರಾಕಿ ಮುಂದೆ ಮುಚ್ಚಳ ಬಿಚ್ಚಿ ತೋರಿಸ್ತೀನಿ ನಾನು. ಒಳಗೆ ಗೀಚಿದ್ದು ಕಂಡ್ರೆ ಹತ್ತು ಜನ ಕೈ ಹಾಕಿದ ಮಾಲು ಅಂತ ಎದ್ದು ಹೋಗ್ತಾರೆ."

ಆ ಗೀಚು ಏನೆಂದು ಅವನಿಗೂ ಗೊತ್ತು, ನನಗೂ ಗೊತ್ತು. ರಿಪೇರಿಯವನು ವಾಚನ್ನು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಜೋಡಿಸಿದ ಮೇಲೆ ಮುಚ್ಚಳದ ಒಳಗೆ ಸೂಜಿಯಲ್ಲಿ ತನ್ನ ಗುರುತು ಗೀರುತ್ತಾನೆ, ಪಕ್ಕದಲ್ಲಿ ತಿಂಗಳು, ವರ್ಷ. ಮುಂದೆ ಅದನ್ನು ಬಿಚ್ಚುವವನಿಗೆ ಮಾತ್ರ ಕಾಣುವ ಪತ್ರ ಅದು. ಅಂಥವು ಐವತ್ತಾದರೂ ಅಳಿಸಿದ್ದೇನೆ. ಒಂದನ್ನೂ ಓದಿರಲಿಲ್ಲ. ಓದಬಾರದೆಂದೇ ಓದಿರಲಿಲ್ಲ.

ಅವತ್ತು ಬಂದದ್ದು ಹಳೆಯ ಸ್ವಿಸ್ ಆಟೊಮ್ಯಾಟಿಕ್ ಒಂದರ ಮುಚ್ಚಳ, ಒತ್ತಿ ಕೂರಿಸುವ ಥರದ್ದು. ಹೊರಗಿನ ಮೈ ಮುಗಿಸಿ, ಒಳಮೈ ತಿರುಗಿಸಿ ಚಕ್ರಕ್ಕೆ ಹಿಡಿದೆ. ಬಲಗಡೆಯಿಂದ ಶುರು ಮಾಡಿ ಅರ್ಧಕ್ಕೆ ಬಂದಿದ್ದೆನೋ ಇಲ್ಲವೋ, ಕರೆಂಟ್ ಹೋಯಿತು. ಸುಮ್ಮನೆ ಕೂರಲಾರದೆ ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದೆ.

ಎಡಗಡೆ ಒಂದು ಏಣಿ ಇತ್ತು. ಸಾಸಿವೆಯಷ್ಟು ಸಣ್ಣದು. ಎರಡು ಉದ್ದ ಗೆರೆ, ಅಡ್ಡಕ್ಕೆ ಮೂರು ಮೆಟ್ಟಿಲು. ಮೂರನೆಯದರ ತುದಿ ನನ್ನ ಚಕ್ರಕ್ಕೆ ಹೋಗಿತ್ತು. ಅದರ ಬಲಕ್ಕೆ ತಿಂಗಳು, ವರ್ಷ ಇರಬೇಕಾದ ಜಾಗದಲ್ಲಿ ನನ್ನ ಮುಖ ಇತ್ತು.

ಆ ಏಣಿ ನನ್ನ ಅಣ್ಣನದು.

*

ಅಣ್ಣ ನನಗಿಂತ ಹನ್ನೊಂದು ವರ್ಷ ದೊಡ್ಡವನು. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದರು. ನನ್ನನ್ನು ಸಾಕಿದ್ದು ಅವನೇ. ಬಸ್ ನಿಲ್ದಾಣದ ಹಿಂದೆ, ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಅವನ ವಾಚು ರಿಪೇರಿಯ ಮೇಜು. ಎಂಟನೇ ಕ್ಲಾಸಿಗೆ ನಾನು ಶಾಲೆ ಬಿಟ್ಟೆ. ಮೇಷ್ಟ್ರು ಹೊಡೆದದ್ದಕ್ಕೆ ಬಿಟ್ಟೆ ಎಂದು ಎಲ್ಲರಿಗೂ ಹೇಳಿದ್ದೆ, ನಿಜವಾಗಿ ಬಿಟ್ಟದ್ದು ನಾನು ವಾಪಸ್ ಹೊಡೆದದ್ದಕ್ಕೆ. ಅಣ್ಣ ಬೈಯಲಿಲ್ಲ. "ಬಾ ದೊರೆ, ಇಲ್ಲಿ ಕೂತ್ಕೊ. ಉಸಿರು ಮಾತ್ರ ನಿಧಾನಕ್ಕೆ ಬಿಡು, ತಿರುಪುಮೊಳೆ ಹಾರಿಹೋಗುತ್ತೆ" ಅಂದ. ಅವನು ನನ್ನನ್ನು ದೊರೆ ಎನ್ನುತ್ತಿದ್ದ. ಬೆಳಿಗ್ಗೆ ಎಬ್ಬಿಸಿದರೆ ಏಳುತ್ತಿರಲಿಲ್ಲವಲ್ಲ, ಅದಕ್ಕೆ.

ಅವನಿಗೆ ಎರಡು ನೇಮ. ಬೇರೆ ರಿಪೇರಿಯವನ ಗುರುತು ಒಳಗಿದ್ದರೆ ಅದರ ಮೇಲೆ ಗೀರಬಾರದು, ಪಕ್ಕದಲ್ಲಿ ಜಾಗ ಹುಡುಕಬೇಕು. ಇನ್ನೊಂದು, ಮುಚ್ಚಳ ಕೂರಿಸುವಾಗ ಚಾಕು ತೂರಿಸುವ ಸಣ್ಣ ತುಟಿ ಸರಿಯಾಗಿ ಆರರ ಅಂಕಿಯ ಹಿಂದೆ ಬರಬೇಕು. ಬೇರೆಯವರು ಎಲ್ಲಿಗೆ ಬಂತೋ ಅಲ್ಲಿಗೆ ಒತ್ತುತ್ತಾರೆ. "ಯಾಕಣ್ಣ ಆರಕ್ಕೇ?" ಎಂದು ಕೇಳಿದ್ದೆ. "ನಾನು ಮುಚ್ಚಿದ್ದು ಅಂತ ನನಗೆ ಗೊತ್ತಾಗ್ಬೇಕಲ್ಲ" ಅಂದಿದ್ದ.

ನನಗೆ ಹದಿನೇಳು ತುಂಬಿದ ವರ್ಷ ಒಂದು ವಾಚು ಬಂತು, ಮೈತುಂಬ ಗೀರು. ಅಣ್ಣ ಯಂತ್ರ ತೊಳೆಯುತ್ತಿದ್ದಾಗ ನಾನು ಕವಚವನ್ನು ಪಕ್ಕದ ಬೀದಿಯ ಪಾಲಿಶ್ ಅಂಗಡಿಗೆ ಒಯ್ದು, ಅವರ ಚಕ್ರದಲ್ಲಿ ನಾನೇ ಉಜ್ಜಿದೆ. ಹೇಳದೆ ಮಾಡಿ ಅಣ್ಣನನ್ನು ಖುಷಿಪಡಿಸಬೇಕೆಂದಿತ್ತು. ಕನ್ನಡಿಯಾಯಿತು. ಸಂಜೆ ಗಿರಾಕಿ ಬಂದು ವಾಚನ್ನು ತಿರುಗಿಸಿ ನೋಡಿದ. ಹಿಂದೆ ಅವನ ತೀರಿಹೋದ ಅಪ್ಪ ಕೈಯಾರೆ ಕೆತ್ತಿದ ಒಂದು ಸಾಲು ಇತ್ತಂತೆ. ಸವೆದು ಗೀರಿನ ಥರವೇ ಆಗಿತ್ತು, ನನಗೆ ಗೀರೆಂದೇ ಕಂಡಿತ್ತು. ಆ ಮನುಷ್ಯ ಕೂಗಾಡಲಿಲ್ಲ. ಸ್ಟೂಲಿನ ಮೇಲೆ ಕೂತು ಖಾಲಿ ಮುಚ್ಚಳವನ್ನು ಹೆಬ್ಬೆರಳಿನಲ್ಲಿ ಸವರುತ್ತ ಅತ್ತುಬಿಟ್ಟ. ಅಣ್ಣ ಎದ್ದು ಅವನ ಮುಂದೆಯೇ ನನ್ನ ಕೆನ್ನೆಗೆ ಹೊಡೆದ. ಜೀವಮಾನದಲ್ಲಿ ಹೊಡೆದದ್ದು ಅದೊಂದೇ ಸಲ.

"ಉಜ್ಜಿದ್ದು ವಾಪಸ್ ಬರಲ್ಲ ಕಣೋ."

"ಉಜ್ಜೋದೇ ತಪ್ಪು ಅಂತೀಯಲ್ಲ, ನೋಡ್ತಿರು, ಉಜ್ಜಿಯೇ ಬದುಕ್ತೀನಿ" ಎಂದು ಹೇಳಿ ಅವತ್ತೇ ಬಸ್ಸು ಹತ್ತಿದೆ. ಬದುಕಿದೆ ಕೂಡ. ಆರು ವರ್ಷವಾಯಿತು. ಎರಡನೇ ವರ್ಷ ಒಮ್ಮೆ ಸಿಟ್ಟು ಇಳಿದು, ಊರಿಗೆ ಹೋಗಿ ನೋಡಿದ್ದೆ. ಮೆಟ್ಟಿಲ ಕೆಳಗೆ ಯಾರೋ ಫೋನಿನ ಕವರು ಮಾರುತ್ತಿದ್ದ. ಬಾಡಿಗೆ ಮನೆಯಲ್ಲಿ ಬೇರೆ ಸಂಸಾರ. ಅಣ್ಣನ ನಂಬರಿಗೆ ಫೋನ್ ಮಾಡಿದರೆ ಯಾರೋ ಹೆಂಗಸು ಎತ್ತಿ ರಾಂಗ್ ನಂಬರ್ ಎಂದಳು. ಇಳಿದ ಸಿಟ್ಟು ಮತ್ತೆ ಏರಿತು. ಎಲ್ಲಿಗೆಂದು ಹೇಳದೆ ಹೋದದ್ದು ನಾನೇ ಮೊದಲಾದರೂ, ಅವನೂ ಹೇಳದೆ ಹೋಗಬಹುದೇ?

ಈಗ ಕೈಯಲ್ಲಿ ಏಣಿ ಇತ್ತು, ತಾರೀಕು ಇರಲಿಲ್ಲ. ಆರು ವರ್ಷಕ್ಕಿಂತ ಹಿಂದಿನದಾದರೆ ಅದರಿಂದ ನನಗೇನೂ ಇಲ್ಲ, ಹಳೇ ಗೀರು. ಆಮೇಲಿನದಾದರೆ ಅಣ್ಣ ಎಲ್ಲೋ ಇದ್ದಾನೆ, ಮೇಜಿನ ಮುಂದೆ ಕೂತಿದ್ದಾನೆ. ಯಾವುದೆಂದು ಹೇಳುವ ನಾಲ್ಕು ಅಂಕಿಗಳನ್ನು ನಾನೇ ಅರೆ ನಿಮಿಷದ ಹಿಂದೆ ಉಜ್ಜಿ ಹಾಕಿದ್ದೆ. ಇನ್ನೂ ಒಂದು ಕಾಟ: ಗೆರೆಗಳು ಸೊಟ್ಟಗಿದ್ದವು. ಅಣ್ಣನ ಗೆರೆ ಅಳತೆಪಟ್ಟಿ ಇಟ್ಟು ಎಳೆದ ಹಾಗಿರುತ್ತಿತ್ತು.

ಕರೆಂಟ್ ಬಂತು. ಚಕ್ರ ತನ್ನಷ್ಟಕ್ಕೆ ತಿರುಗತೊಡಗಿತು. ನಾನು ಮುಚ್ಚಳವನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿದೆ.

*

ಹಳೇ ವಾಚಿನ ಅಂಗಡಿಯವನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿದ.

"ಇದೇನೋ ಅರ್ಧಂಬರ್ಧ? ಅರ್ಧ ತಲೆ ಬೋಳಿಸಿ ಎದ್ದು ಹೋದ ಹಾಗೆ."

"ಕರೆಂಟ್ ಹೋಯ್ತು."

"ಬಂತಲ್ಲ ಆಮೇಲೆ. ನಾನೇನು ಕತ್ತಲಲ್ಲಿ ಕೂತಿದ್ದೀನಾ? ತಗೊಂಡು ಹೋಗು, ಉಳಿದಿದ್ದನ್ನೂ ಉಜ್ಜು."

"ಇದನ್ನ ನಿಮಗೆ ಮಾರಿದ್ದು ಯಾರು?"

ಅವನು ಮಸೂರ ತೆಗೆದು ಬರಿಗಣ್ಣಲ್ಲಿ ನನ್ನನ್ನು ನೋಡಿದ. "ಅದು ನಿನಗ್ಯಾಕೆ? ನೇರ ಅವರ ಮನೆಗೇ ಹೋಗಿ ಮಾಲು ಎತ್ತೋ ಯೋಚನೆನಾ? ಯಾರ ಹತ್ರ ತಗೊಂಡೆ ಅಂತ ಹೆಂಡ್ತಿಗೂ ಹೇಳಲ್ಲ ನಾನು."

"ನಾನು ಉಜ್ಜಲ್ಲ ಇದನ್ನ."

"ಬಿಡು. ಇನ್ನೊಬ್ಬ ಉಜ್ತಾನೆ. ಇಡು ಇಲ್ಲಿ."

ಇಡಲು ಕೈ ಬರಲಿಲ್ಲ. ಗಾಜಿನ ಮೇಜಿನ ಅಂಚು ಹಿಡಿದು ನಿಂತೆ. ಆ ಗಾಜು ಒಡೆದರೆ ಎಷ್ಟು ಚೂರಾಗಬಹುದೆಂದು ಯೋಚಿಸಿದ್ದು ಸುಳ್ಳಲ್ಲ. ಆದರೆ ಬಾಯಿಂದ ಬಂದ ಮಾತು ಬೇರೆ.

"ನಾನೇ ಕೊಂಡ್ಕೋತೀನಿ."

ಅವನಿಗೆ ನಗು ತಡೆಯಲಾಗಲಿಲ್ಲ. "ಮಸಿ, ಇದು ಸ್ವಿಸ್ ಕಣೋ. ನಿಮ್ಮ ನಲ್ಲಿ ಅಲ್ಲ."

"ರೇಟು ಹೇಳಿ."

ಅಲ್ಲಿಗೆ ಅವನ ನಗು ನಿಂತಿತು, ವ್ಯಾಪಾರ ಶುರುವಾಯಿತು. ಒಳಗಿನಿಂದ ಯಂತ್ರ ತಂದ. ಬೆನ್ನ ಮೇಲೆ ಅರ್ಧಚಂದ್ರದಂಥ ತೂಕದ ತಗಡು, ಕೈ ಆಡಿದಂತೆಲ್ಲ ಅದು ತೂಗಿ ತಿರುಗಿ ಸ್ಪ್ರಿಂಗು ಸುತ್ತುತ್ತದೆ. "ಕೀ ಕೊಡೋ ಗೋಜಿಲ್ಲ, ಕಟ್ಕೊಂಡು ಓಡಾಡಿದ್ರೆ ಸಾಕು. ಅರವತ್ತು ವರ್ಷದ ಮಾಲು, ಇವತ್ತಿನವರೆಗೆ ಯಾವ ಕೈಯೂ ಮುಟ್ಟಿಲ್ಲ. ಫ್ಯಾಕ್ಟರಿಯಿಂದ ಹೆಂಗೆ ಬಂತೋ ಹಂಗೇ ಇದೆ."

"ಮುಟ್ಟಿದವನು ನಾನೇ ಮುಂದೆ ನಿಂತಿದ್ದೀನಿ."

"ಬಾಯಿಪಾಠ ಆಗ್ಬಿಟ್ಟಿದೆ ಕಣಯ್ಯ, ತಡೆಯೋಕಾಗಲ್ಲ."

ಹಳೇ ಬೈಕೊಂದನ್ನು ಕೊಳ್ಳಲು ಕೂಡಿಟ್ಟದ್ದು ನನ್ನಲ್ಲಿತ್ತು. ಮರುದಿನ ಅದನ್ನೆಲ್ಲ ತಂದು ಮೇಜಿನ ಮೇಲಿಟ್ಟು, ಮೇಲೆ ಅಂಗೈ ಊರಿದೆ. "ಮಾರಿದವರ ವಿಳಾಸ ಹೇಳಿದ್ರೆ ಕೈ ತೆಗೀತೀನಿ."

ಅವನು ನನ್ನ ಕೈ ನೋಡಿದ, ಬಾಗಿಲು ನೋಡಿದ. ಆಮೇಲೆ ಚೀಟಿ ಬರೆದುಕೊಟ್ಟ. ವಾಚಿನ ಮುಚ್ಚಳವನ್ನು ಹೆಬ್ಬೆರಳಲ್ಲಿ ಪಟಕ್ಕನೆ ಒತ್ತಿ ಕೂರಿಸಿದ. ತುಟಿ ಎಂಟರ ಹತ್ತಿರ ಎಲ್ಲೋ ಸೊಟ್ಟಗೆ ಕೂತಿತು.

*

ಬಫಿಂಗ್ ಮಾಡುವವನು ಕೈಗೆ ಏನೂ ಕಟ್ಟುವಂತಿಲ್ಲ. ಚಕ್ರ ಪಟ್ಟಿಯನ್ನು ಹಿಡಿದರೆ ಕೈಯನ್ನೂ ಸೇರಿಸಿ ಎಳೆದುಕೊಳ್ಳುತ್ತದೆ. ವಾಚನ್ನು ಬುತ್ತಿಯ ಡಬ್ಬಿಯ ಪಕ್ಕ ಇಟ್ಟು ಕೆಲಸ ಮಾಡಿದೆ, ಸಂಜೆ ರೂಮಿಗೆ ಬಂದು ಕಟ್ಟಿಕೊಂಡೆ. ನನ್ನ ರೂಮು ಮೂರೂವರೆ ಹೆಜ್ಜೆ. ಹಾಸಿಗೆ, ಬಕೆಟ್ಟು, ಕಿಟಕಿ. ಬಂದವನು ಮಲಗುತ್ತೇನೆ, ಚಾವಣಿ ನೋಡುತ್ತೇನೆ, ನಿದ್ದೆ ಬಂದರೆ ಮಾಡುತ್ತೇನೆ. ಮೂರನೇ ದಿನ ಬೆಳಿಗ್ಗೆ ವಾಚು ನಿಂತಿತ್ತು.

ಮೊದಲು ಅಂಗಡಿಯವನ ಮೇಲೆ ಕೆಂಡದಂಥ ಕೋಪ ಬಂತು. ನಾಲಾಯಕ್ ಮಾಲು ಕಟ್ಟಿ ಕಳಿಸಿದ ಅಂದುಕೊಂಡೆ. ಅಂಗಿ ಹಾಕಿಕೊಂಡು ಹೊರಡುವಾಗ ಕೈ ಅಲುಗಿತು, ವಾಚು ಮತ್ತೆ ನಡೆಯಿತು. ಬಾಗಿಲಲ್ಲೇ ನಿಂತುಬಿಟ್ಟೆ. ವಾಚು ಚೆನ್ನಾಗಿಯೇ ಇತ್ತು. ಆ ರೂಮಿನಲ್ಲಿ ಕೈ ಆಡಿಸುವಂಥದ್ದು ಏನೂ ಇರಲಿಲ್ಲ, ಅಷ್ಟೆ. ಯಾರಿಗೂ ತಟ್ಟೆ ಇಡುವುದಿಲ್ಲ, ಯಾರೊಂದಿಗೂ ಕೈ ಬೀಸಿ ಜಗಳವಾಡುವುದಿಲ್ಲ.

ರಜಾದಿನ ಚೀಟಿಯಲ್ಲಿದ್ದ ವಿಳಾಸಕ್ಕೆ ಹೋದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಬಾಗಿಲು ತೆರೆದದ್ದು ಅರವತ್ತು ದಾಟಿದ ಹೆಂಗಸು, ಗಂಡಸರಂತೆ ಕತ್ತರಿಸಿದ ಬಿಳಿ ಕೂದಲು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು ಎಂದು ಆಮೇಲೆ ತಿಳಿಯಿತು. ನನ್ನ ಮುಖ ನೋಡುವ ಮೊದಲು ಮಣಿಕಟ್ಟು ನೋಡಿದರು.

"ನನ್ನ ವಾಚು."

"ನಾನು ಕೊಂಡಿದ್ದು ಅಮ್ಮ, ಕದ್ದಿಲ್ಲ."

"ಕದ್ದೆ ಅಂದ್ನಾ ನಾನು? ಇಲ್ಲಿ ಕೊಡು ಕೈ."

ವಾಚು ನೋಡಲು ಕೈ ಹಿಡಿದವರ ಬೆರಳು ಅಭ್ಯಾಸಬಲದಿಂದ ನಾಡಿಯ ಮೇಲೆ ಹೋಯಿತು. ಸೆಕೆಂಡಿನ ಮುಳ್ಳು ನೋಡುತ್ತ ಪೂರ್ತಿ ಅರ್ಧ ನಿಮಿಷ ಸುಮ್ಮನೆ ನಿಂತರು. ನನ್ನ ಕೈಯನ್ನು ಒಬ್ಬರು ಹಾಗೆ ಹಿಡಿದು ಎಷ್ಟು ಕಾಲವಾಗಿತ್ತೋ, ಎಳೆದುಕೊಳ್ಳಬೇಕೆನಿಸಿತು, ಎಳೆದುಕೊಳ್ಳಲಿಲ್ಲ.

"ಬಹಳ ಓಡ್ತಿದೆ. ಮೆಟ್ಟಿಲು ಹತ್ತಿದ್ದಕ್ಕಾ, ಸಿಟ್ಟಿಗಾ?"

"ಎರಡಕ್ಕೂ."

"ಸರಿ, ಒಳಗೆ ಬಾ. ಚಪ್ಪಲಿ ಅಲ್ಲೇ ಬಿಡು, ನೆಲ ಈಗಷ್ಟೇ ಒರೆಸಿದ್ದೀನಿ."

ಕೂತು ವಿಷಯ ಹೇಳಿದೆ. ಮುಚ್ಚಳದ ಒಳಗಿನ ಗುರುತು ನನ್ನ ಅಣ್ಣನದು, ತಾರೀಕು ನಾನೇ ಅಳಿಸಿದೆ, ಯಾವಾಗ ಎಲ್ಲಿ ರಿಪೇರಿ ಮಾಡಿಸಿದಿರಿ ಎಂದು ಕೇಳಿದೆ.

"ಹೋದ ವರ್ಷ" ಅಂದರು. "ನಾನು ಕೆಲಸದಿಂದ ನಿವೃತ್ತಿ ಆದ ಮೂರನೇ ತಿಂಗಳು. ತಂಗಿ ಮನೆಗೆ ಹೋಗಿದ್ದೆ, ಅಲ್ಲಿ ಪದೇ ಪದೇ ನಿಂತುಹೋಗೋಕೆ ಶುರುವಾಯ್ತು. ಒಂದು ಆಸ್ಪತ್ರೆ ಗೋಡೆ ಪಕ್ಕ, ಮೆಟ್ಟಿಲ ಕೆಳಗೆ ಒಬ್ಬ ಕೂತಿದ್ದ. ಪೂರ್ತಿ ಬಿಚ್ಚಿ ತೊಳೆದ. ಆಮೇಲೆ ಹೇಳ್ದ, ಅಮ್ಮ, ವಾಚಿಗೆ ಏನೂ ಆಗಿಲ್ಲ, ನಿಮ್ಮ ಕೈಗೆ ಕೆಲಸ ಇಲ್ಲ, ಅದಕ್ಕೆ ನಿಲ್ಲುತ್ತೆ ಅಂತ. ಮುವ್ವತ್ತೇಳು ವರ್ಷ ಇದನ್ನ ಕಟ್ಕೊಂಡು ವಾರ್ಡ್ ಸುತ್ತಿದವಳು ನಾನು. ಮೈ ಉರಿದುಹೋಯ್ತು. ನಿಜ ಹೇಳಿದ್ನಲ್ಲ, ಅದಕ್ಕೇ. ವಾಪಸ್ ಬಂದು ಎರಡು ತಿಂಗಳು ನೋಡಿ ಮಾರಿಬಿಟ್ಟೆ."

ಹೋದ ವರ್ಷ. "ನೋಡೋಕೆ ಹೇಗಿದ್ರು?"

"ತೆಳ್ಳಗೆ. ಕೈ ನಡುಗ್ತಿತ್ತು."

"ಅಣ್ಣನ ಕೈ ನಡುಗಲ್ಲ."

"ನಡುಗ್ತಿತ್ತಪ್ಪ. ಅದನ್ನ ನೋಡೋದೇ ನನ್ನ ಕೆಲಸ ಆಗಿತ್ತು. ಈ ಕೈಲಿ ಇವನೇನು ರಿಪೇರಿ ಮಾಡ್ತಾನೆ ಅಂತ ಭಯನೂ ಆಯ್ತು. ಚಿಮಟ ಹಿಡಿದ ಮೇಲೆ ಮಾತ್ರ ಎಲ್ಲಿ ಹೋಯ್ತೋ ನಡುಕ, ಕಲ್ಲಿನ ಹಾಗೆ ನಿಂತ್ಕೊಂಡ್ತು. ಎಲ್ಲ ಮುಗಿಸಿ, ಒಳಗೆ ಗೀಚೋಕೆ ಅಂತ ಸೂಜಿ ಎತ್ಕೊಂಡ್ನಲ್ಲ, ಆಗ ಮತ್ತೆ ಬಂತು."

ಸೊಟ್ಟ ಗೆರೆಗಳ ಏಣಿ ಅಂಗಿಯ ತೋಳಿನ ಕೆಳಗೆ, ನನ್ನ ಚರ್ಮಕ್ಕೆ ತಾಗಿಕೊಂಡೇ ಇತ್ತು.

"ಮನೆಯವರ ಬಗ್ಗೆ ಏನಾದ್ರೂ ಹೇಳಿದ್ರಾ? ತಮ್ಮ ಇದ್ದಾನೆ, ಹಂಗೆ ಹಿಂಗೆ ಅಂತ?"

"ಇಲ್ಲ. ವಾಚಿನ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ನಿನ್ನ ಸಮಾಧಾನಕ್ಕೆ ಹೇಳಿದ ಅನ್ನಬಹುದು, ನನಗೆ ಅದು ಬರಲ್ಲ. ಆಸ್ಪತ್ರೆಯಲ್ಲೂ ಬರ್ತಿರಲಿಲ್ಲ."

ಮಾತ್ರೆಯ ಖಾಲಿ ಡಬ್ಬಿಯೊಂದರಿಂದ ಹುಡುಕಿ ರಸೀದಿ ಕೊಟ್ಟರು. ಅಣ್ಣನ ಅಕ್ಷರವೇ, ಸ್ವಲ್ಪ ವಾಲಿತ್ತು. ಮೇಲೆ ಕಟ್ಟಡದ ಹೆಸರು, ಬೀದಿ, ಊರು. ಫೋನ್ ನಂಬರಿನ ಜಾಗದಲ್ಲಿ ಗೆರೆ ಎಳೆದಿತ್ತು. ಬಸ್ಸಿನಲ್ಲಿ ಹೋದರೆ ಹದಿನಾಲ್ಕು ತಾಸಿನ ದಾರಿ.

ಬಾಗಿಲ ತನಕ ಬಂದು ಕೇಳಿದರು. "ನಿನ್ನ ಕೈಲೂ ನಿಲ್ಲುತ್ತಾ ಅದು?"

"ಒಂದ್ಸಲ ನಿಂತಿತ್ತು."

"ನಿನಗೇನು ವಯಸ್ಸಾಗಿದೆ ಅಂತ?"

ಚಪ್ಪಲಿ ಹಾಕಿಕೊಂಡೆ.

*

ಹೋಗಬಹುದಿತ್ತು. ಎರಡು ಸಲ ಬಸ್ ನಿಲ್ದಾಣದವರೆಗೆ ಹೋಗಿಯೂ ಬಂದೆ. ಮೆಟ್ಟಿಲ ಕೆಳಗೆ ಅವನ ಮುಂದೆ ನಿಂತು ಏನು ಅನ್ನಲಿ? ನೀನು ಬೇಡವೆಂದ ಕೆಲಸವನ್ನೇ ಆರು ವರ್ಷ ಮಾಡಿದೆ, ಅದರಲ್ಲಿ ನಿನ್ನ ತಾರೀಕನ್ನೂ ಉಜ್ಜಿದೆ ಎನ್ನಲೇ? ಅವನು ತಲೆ ಎತ್ತದೆ "ಅಂಗಡಿ ಮುಚ್ಚಿದೆ" ಅಂದುಬಿಟ್ಟರೆ? ನನ್ನ ಮುಖ ನೋಡಿ ಬೇಡ ಎನ್ನಬಹುದು. ವಾಚನ್ನು ಮಾತ್ರ ಅವನು ಯಾವತ್ತೂ ಬೇಡ ಎಂದವನಲ್ಲ.

ಚಾಕುವಿನ ತುದಿಯಿಂದ ಮುಚ್ಚಳ ಎಬ್ಬಿಸಿದೆ. ಏಣಿಯನ್ನು ಒಮ್ಮೆ ನೋಡಿದೆ. ಉಸಿರು ನಿಧಾನಕ್ಕೆ ಬಿಟ್ಟು, ತುಟಿ ಸರಿಯಾಗಿ ಆರರ ಹಿಂದೆ ಬರುವಂತೆ ಹಿಡಿದು, ಎರಡೂ ಹೆಬ್ಬೆರಳಲ್ಲಿ ಸಮವಾಗಿ ಒತ್ತಿದೆ. ಕೂತ ಸದ್ದು ಬಂತು. ಆರು ವರ್ಷದ ಮೇಲೂ ಕೈ ಮರೆತಿರಲಿಲ್ಲ. ಚೀಟಿಯಲ್ಲಿ ಗಿರಾಕಿಗಳು ಬರೆಯುವ ಹಾಗೆ ಬರೆದೆ: ಕೈಯಲ್ಲಿ ಕಟ್ಟಿದರೂ ನಿಂತುಹೋಗುತ್ತಿದೆ, ನೋಡಿ ತಿಳಿಸುವುದು. ಕೆಳಗೆ ನನ್ನ ಫೋನ್ ನಂಬರು. ಬೇರೇನೂ ಬರೆಯಲಿಲ್ಲ. ಎಂಟನೇ ಕ್ಲಾಸಿನವನಿಗೆ ಅಷ್ಟೇ ಬರುತ್ತದೆ ಎಂದುಕೊಳ್ಳಲಿ.

ಅಂಚೆ ಕಚೇರಿಯ ಕಿಟಕಿಯಲ್ಲಿ ಗುಮಾಸ್ತ ಪಾರ್ಸೆಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದ.

"ಕಳಿಸೋರ ಹೆಸರು ಎಲ್ಲಿ?"

"ನಂಬರ್ ಇದೆಯಲ್ಲ."

"ನಂಬರ್ ಇದ್ರೆ? ಹೆಸರಿಲ್ದೆ ತಗೊಳ್ಳಲ್ಲ."

ಹಿಂದೆ ಸಾಲಿನಲ್ಲಿದ್ದವನು "ಬೇಗ ಬರೀರಿ ಸ್ವಾಮಿ, ಹೆಸರೇ ತಾನೇ, ಪರೀಕ್ಷೆ ಅಲ್ವಲ್ಲ" ಎಂದ. ತಿರುಗಿ ಅವನಿಗೆ ಎರಡು ಬಿಡಬೇಕೆನಿಸಿತು. ಪೆನ್ನು ತೆಗೆದುಕೊಂಡೆ. ಹಾಜರಿ ಪುಸ್ತಕದ ಹೆಸರು ಬರೆಯಲು ಹೋಗಿ, ನಿಲ್ಲಿಸಿ, ದೊರೆ ಎಂದು ಬರೆದೆ.

ಗುಮಾಸ್ತ ಓದಿದ. "ದೊರೆ ಅಂತಾನೇ ಹೆಸರಾ?"

"ಹೌದು."

"ಯಾವ ರಾಜ್ಯಕ್ಕೆ?"

ಸಾಲು ನಕ್ಕಿತು. ನಾನು ನಗಲಿಲ್ಲ, ಹೊಡೆಯಲೂ ಇಲ್ಲ. ಅವನು ಧಡಧಡ ಮುದ್ರೆ ಒತ್ತಿ, "ಮೂರು ದಿನ" ಅಂದ.

ಕೈಯಿಂದ ಬಿಚ್ಚಿದ ಮೇಲೆ ಆ ವಾಚು ಹೆಚ್ಚೆಂದರೆ ಒಂದೂವರೆ ದಿನ ನಡೆಯುತ್ತದೆ. ದಾರಿಯಲ್ಲಿ ಯಾವುದೋ ಚೀಲದೊಳಗೆ, ಯಾವುದೋ ಗಂಟೆಗೆ ನಿಂತಿರುತ್ತದೆ. ಪಾರ್ಸೆಲ್ ಬಿಚ್ಚಿದವನು ಅದನ್ನೆತ್ತಿ ಮೆಲ್ಲಗೆ ಅಲುಗಿಸಬೇಕು, ಆಮೇಲೆ ತಿರುಗಿಸಿ ಹಿಂದೆ ನೋಡಬೇಕು.

ಇವತ್ತಿಗೆ ಆರನೇ ದಿನ. ಫೋನನ್ನು ಅಂಗಿಯ ಜೇಬಿನಲ್ಲಿಟ್ಟು ಕೆಲಸ ಮಾಡುತ್ತಿದ್ದೇನೆ. ಚಕ್ರ ತಿರುಗುವಾಗ ಅದು ಬಡಿದುಕೊಂಡರೂ ಕೇಳುವುದಿಲ್ಲ, ನಡುಗಿದರೂ ತಿಳಿಯುವುದಿಲ್ಲ, ಮೈಯೆಲ್ಲ ನಡುಗುತ್ತಿರುತ್ತದೆ. ಅದಕ್ಕೆ ನಾಲ್ಕು ನಲ್ಲಿಗೊಮ್ಮೆ ಸ್ವಿಚ್ಚು ಆರಿಸುತ್ತೇನೆ.

"ಮಸಿ, ಅದೇನು ಘಳಿಗೆಗೊಂದ್ಸಲ ಆರಿಸ್ತೀಯ, ಮೋಟರ್ ಸುಟ್ಟುಹೋಗುತ್ತೆ" ಎಂದು ಮೇಸ್ತ್ರಿ ಆ ಕಡೆಯಿಂದ ಗೊಣಗುತ್ತಾನೆ.

ಹಳೇ ಚಕ್ರ. ಆರಿಸಿದ ಕೂಡಲೇ ನಿಲ್ಲುವುದಿಲ್ಲ, ಸದ್ದು ಇಳಿದು ಇಳಿದು ಪೂರ್ತಿ ನಿಲ್ಲಲು ಅರ್ಧ ನಿಮಿಷ ಬೇಕು. ಅಲ್ಲಿಯವರೆಗೆ ಜೇಬಿನ ಮೇಲೆ ಕೈಯಿಟ್ಟು ನಿಂತಿರುತ್ತೇನೆ.